ಸೇವಾ ಫೆಲೋಶಿಪ್ ನೋಡಿಕೊಂಡವರು ಇದ್ದೀರಾ? ಎಲ್ಲಿಂದ ಶುರು ಮಾಡಲಿ?

ನಮಸ್ಕಾರ. ನಾನು ಕಾಲೇಜಿನಲ್ಲಿ ಪಾಠ ಮಾಡುವವಳು. ವಿದ್ಯಾರ್ಥಿಗಳ ಸಮುದಾಯ ಸೇವಾ ಫೆಲೋಶಿಪ್ ನೋಡಿಕೊಳ್ಳುವ ಕೆಲಸ ಈ ವರ್ಷದಿಂದ ನನ್ನ ತಲೆಗೆ ಬಂದಿದೆ. 24 ವಿದ್ಯಾರ್ಥಿಗಳು, 8 ಸಂಸ್ಥೆಗಳು. ಒಬ್ಬೊಬ್ಬರೂ ವಾರಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ಗಂಟೆ ಕೆಲಸ ಮಾಡಬೇಕು. ಅದಕ್ಕೆ ಸ್ಟೈಪೆಂಡ್ ಇದೆ. ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವರು ಒಂದು ಫೈಲು ಕೊಟ್ಟು ಹೋಗಿದ್ದಾರೆ. ತೆರೆದು ನೋಡಿದರೆ ಫೋಟೋಗಳೇ ಜಾಸ್ತಿ. ಕಳೆದ ವರ್ಷ 7 ಜನ ನಡುವೆಯೇ ಬಿಟ್ಟರಂತೆ. ಯಾಕೆ ಅಂತ ಎಲ್ಲೂ ಬರೆದಿಲ್ಲ. ಗಂಟೆ ಲೆಕ್ಕದ ಪುಸ್ತಕ ನೋಡಿದರೆ ಕೊನೆಯ ತಿಂಗಳಲ್ಲಿ ಎಲ್ಲರೂ ಹಗಲು ರಾತ್ರಿ ದುಡಿದ ಹಾಗಿದೆ! ಈ ಕೆಲಸ ಮಾಡಿದವರು, ಮಾಡಿಸಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಆರು ವರ್ಷ ಕೋಆರ್ಡಿನೇಟರ್ ಆಗಿದ್ದವರು:

ಮೇಡಂ, ಮೊದಲು ಆ 7 ಜನರಿಗೆ ಫೋನ್ ಮಾಡಿ. ಬೇರೆ ಎಲ್ಲ ಆಮೇಲೆ. ಬೈಯುವುದಕ್ಕಲ್ಲ, ಸುಮ್ನೆ ಏನಾಯಿತು ಅಂತ ಕೇಳುವುದಕ್ಕೆ. ಸೇವೆ ಬೇಜಾರಾಯಿತು ಅನ್ನುವವರು ಕಡಿಮೆ. "ಹೋದರೆ ಅಲ್ಲಿ ಮಾಡಲು ಕೆಲಸವೇ ಇರುತ್ತಿರಲಿಲ್ಲ" ಅನ್ನುವವರೇ ಜಾಸ್ತಿ ಸಿಗುತ್ತಾರೆ ಅಂತ ನನ್ನ ಊಹೆ.

ಯಾಕೆಂದರೆ ನನ್ನ ಮೊದಲ ವರ್ಷ ಹಾಗೇ ಹಾಳಾಯಿತು. ನನ್ನ ಕೆಲಸ ಇರುವುದು ವಿದ್ಯಾರ್ಥಿಗಳ ಜೊತೆ ಅಂದುಕೊಂಡಿದ್ದೆ. ಆಯ್ಕೆ, ಸಂದರ್ಶನ, ತರಬೇತಿ ಅಂತ ಎರಡು ತಿಂಗಳು ಓಡಾಡಿದೆ. ಸಂಸ್ಥೆಗಳ ಜೊತೆ ಆಡಿದ್ದು ಅರ್ಧ ಗಂಟೆ ಮಾತು, ಒಂದು ಹಾಳೆಗೆ ಸಹಿ. ಒಬ್ಬ ಹುಡುಗ ಮೂರು ವಾರ ಹಳೇ ಕಾಗದ ಜೋಡಿಸುತ್ತಾ ಕೂತಿದ್ದ. ಸಂಸ್ಥೆ ಕೆಟ್ಟದ್ದೇನಲ್ಲ. ಒಪ್ಪಿಕೊಂಡವರು ಮುಖ್ಯಸ್ಥರು. ದಿನಾ ಕೆಲಸ ಹೇಳಬೇಕಾದವರು ಕ್ಷೇತ್ರದಲ್ಲಿ ಓಡಾಡುವ ಇನ್ನೊಬ್ಬರು. ಹುಡುಗ ಬರುತ್ತಾನೆ ಅಂತ ಅವರಿಗೆ ಗೊತ್ತಾಗಿದ್ದೇ ಅವನು ಬಾಗಿಲಲ್ಲಿ ನಿಂತಾಗ!

ಆಮೇಲೆ ನಾನು ಒಂದು ಪದ್ಧತಿ ಇಟ್ಟುಕೊಂಡೆ. ವಿದ್ಯಾರ್ಥಿಗಳನ್ನು ಆರಿಸುವ ಮೊದಲೇ ಪ್ರತಿ ಸಂಸ್ಥೆಗೆ ನಾನೇ ಹೋಗಿ, ನಿಜವಾಗಿ ಕೆಲಸ ಕೊಡುವವರ ಜೊತೆ ಕೂರುತ್ತೇನೆ. ಕೇಳುವುದು ಇಷ್ಟೇ: ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಒಬ್ಬ ವಿದ್ಯಾರ್ಥಿ ಒಳಗೆ ಬಂದ, ಅವನು ಮೊದಲು ಏನು ಮಾಡುತ್ತಾನೆ? ಆ ಹೊತ್ತಿಗೆ ಯಾರು ಇರುತ್ತಾರೆ? ನೀವು ರಜೆಯಲ್ಲಿದ್ದರೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಆ ವರ್ಷ ಅಲ್ಲಿಗೆ ಯಾರನ್ನೂ ಕಳಿಸುವುದಿಲ್ಲ, ಎಷ್ಟೇ ಹೆಸರಿರುವ ಸಂಸ್ಥೆಯಾಗಲಿ. ಹೀಗೆ ಮಾಡಿ ಒಂದಿಬ್ಬರ ಸಿಟ್ಟಿಗೂ ಗುರಿಯಾಗಿದ್ದೇನೆ.

ಇನ್ನು ಗಂಟೆಯ ಲೆಕ್ಕ. ಹಗಲು ರಾತ್ರಿ ದುಡಿದ ಹಾಗಿದೆ ಅಂದಿರಲ್ಲ, ಅದು ಹುಡುಗರ ಮೋಸ ಅಂತ ತಕ್ಷಣ ತೀರ್ಮಾನ ಮಾಡಬೇಡಿ. ಕ್ಯಾಲೆಂಡರ್ ಎದುರಿಗಿಟ್ಟುಕೊಂಡು ಕೂಡಿ ಕಳೆಯಿರಿ. ವಾರಕ್ಕೆ 10 ಗಂಟೆಯಾದರೆ 300ಕ್ಕೆ 30 ವಾರ ಬೇಕು. ಎರಡು ಸೆಮಿಸ್ಟರ್ ಸೇರಿ ಪಾಠ, ಪರೀಕ್ಷೆ ಎಲ್ಲಾ 32 ವಾರ ಅಂತ ಇಟ್ಟುಕೊಳ್ಳಿ. ಶುರುವಿನ ಆಯ್ಕೆ, ತರಬೇತಿಗೆ 2 ವಾರ ಹೋಯಿತು. ಪರೀಕ್ಷೆಗೆ ಒಂದೊಂದು ಸೆಮಿಸ್ಟರಿಗೆ 3 ವಾರದಂತೆ 6 ಹೋಯಿತು. ನಡುವಿನ ಟೆಸ್ಟು, ರಜೆ ಅಂತ ಇನ್ನೊಂದು 2. ಉಳಿದದ್ದು 22 ವಾರ, ಅಂದರೆ 220 ಗಂಟೆ. ಯಾರೂ ಒಂದು ದಿನವೂ ತಪ್ಪಿಸದಿದ್ದರೂ 80 ಗಂಟೆ ಕಡಿಮೆ! ಆ 80 ಗಂಟೆ ಎಲ್ಲಿಂದ ಬರಬೇಕು? ಕೊನೆಯ ತಿಂಗಳ ಪುಸ್ತಕದಿಂದಲೇ ಬರುತ್ತದೆ, ಅಲ್ವಾ?

ಇದಕ್ಕೆ ಎರಡೇ ದಾರಿ. ಗುರಿಯನ್ನೇ 220ಕ್ಕೆ ಇಳಿಸಿ. ಇಲ್ಲವೇ ರಜೆಯಲ್ಲಿ ಎರಡು ವಾರ, ವಾರಕ್ಕೆ 40 ಗಂಟೆಯಂತೆ ಪೂರ್ತಿ ಕೆಲಸ ಇಡಿ, 80 ಅಲ್ಲಿ ತುಂಬುತ್ತದೆ. ನನಗೆ ಎರಡನೆಯದೇ ಇಷ್ಟ. ಎರಡು ವಾರ ಬೆಳಗ್ಗಿನಿಂದ ಸಂಜೆವರೆಗೆ ಅಲ್ಲೇ ಇದ್ದವರಿಗೆ ಆ ಜಾಗ ಅರ್ಥವಾಗುವಷ್ಟು, ವಾರಕ್ಕೆರಡು ಸಲ ಹೋಗಿ ಬರುವವರಿಗೆ ಆಗುವುದಿಲ್ಲ. ತರಬೇತಿ ಮತ್ತು ಮೀಟಿಂಗಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯುತ್ತೀರಾ, ಓಡಾಟದ ಹೊತ್ತನ್ನು ಹಿಡಿಯುತ್ತೀರಾ ಅನ್ನುವುದನ್ನು ಮೊದಲ ದಿನವೇ ಹೇಳಿಬಿಡಿ. ಪುಸ್ತಕಕ್ಕೆ ಪ್ರತಿ ವಾರ ಸಹಿ ಆಗಲಿ, ಒಂದು ಸಾಲು ಬರೆದರೆ ಸಾಕು. ತಿಂಗಳ ಕೊನೆಗೆ ಕೂತು ಬರೆದರೆ ಅದು ಕಥೆ.

ಸಂಸ್ಥೆಯ ಕಡೆಯವರು:

ನಾವು ಮಕ್ಕಳ ಸಂಜೆ ಓದಿನ ಕೇಂದ್ರ ನಡೆಸುತ್ತೇವೆ. ಮೇಲಿನವರು ಹೇಳಿದ ಬುಧವಾರದ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನನ್ನನ್ನು ಒಬ್ಬರೂ ಕೇಳಿಲ್ಲ.

ನಮ್ಮ ಕಷ್ಟ ಬೇರೆ. ಮಕ್ಕಳು ಹಚ್ಚಿಕೊಳ್ಳುತ್ತಾರೆ. ಪರೀಕ್ಷೆ ಬಂದ ಕೂಡಲೇ ಫೆಲೋಗಳು ಮಾಯ. ಅಕ್ಕ ಯಾಕೆ ಬರಲಿಲ್ಲ ಅಂತ ಮಕ್ಕಳು ದಿನಾ ಕೇಳಿದರೆ ನಾನೇನು ಹೇಳಲಿ? ಪರೀಕ್ಷೆಗೆ ಹೋಗಬೇಡಿ ಅನ್ನುತ್ತಿಲ್ಲ. ದಿನಾಂಕ ಮೊದಲೇ ಕೊಡಿ, ಬೇರೆ ಬೇರೆ ತರಗತಿಯ ಇಬ್ಬರನ್ನು ಜೋಡಿ ಮಾಡಿ ಕಳಿಸಿ. ಒಬ್ಬರಿಗೆ ಪರೀಕ್ಷೆ ಇದ್ದಾಗ ಇನ್ನೊಬ್ಬರು ಇರುತ್ತಾರೆ. ವರ್ಷದ ಕೊನೆಗೆ ಮಕ್ಕಳಿಗೆ ಹೇಳಿ ಹೋಗುವ ಒಂದು ದಿನ ಇರಲಿ.

ಇನ್ನೊಂದು ಮಾತು. ಹೊಸಬರನ್ನು ತಯಾರು ಮಾಡಲು ನನ್ನ ಎರಡು ವಾರ ಹೋಗುತ್ತದೆ. ಆ ಗಂಟೆ ಯಾರ ಪುಸ್ತಕದಲ್ಲೂ ಬರುವುದಿಲ್ಲ. ಒಬ್ಬರೇ ಎರಡು ವರ್ಷ ಬಂದರೆ ನಮಗೆ ಎಷ್ಟೋ ಹಗುರ. ಮಕ್ಕಳ ಜೊತೆ ಯಾವ ಫೆಲೋನೂ ಒಂಟಿಯಾಗಿ ಇರಬಾರದು, ಕೇಳದೆ ಫೋಟೋ ತೆಗೆಯಬಾರದು. ಈ ಎರಡನ್ನೂ ಬರವಣಿಗೆಯಲ್ಲಿ ಕೊಟ್ಟು ಸಹಿ ತೆಗೆದುಕೊಳ್ಳಿ. ಫೈಲಿನಲ್ಲಿ ಫೋಟೋಗಳೇ ಜಾಸ್ತಿ ಅಂದಿರಿ, ಅದಕ್ಕೇ ಹೇಳಿದೆ.

ಫೆಲೋ ಆಗಿದ್ದವರು:

ನಾನು ಎರಡನೇ ಸೆಮಿಸ್ಟರಿನಲ್ಲಿ ಬಿಡುವುದರಲ್ಲಿದ್ದೆ. ಕಾರಣ ದುಡ್ಡು. ಫೆಲೋಶಿಪ್‌ಗೆ ಅಂತ ಪಾರ್ಟ್‌ಟೈಮ್ ಕೆಲಸ ಬಿಟ್ಟಿದ್ದೆ. ಸ್ಟೈಪೆಂಡ್ ಬಂದಿದ್ದು ನಾಲ್ಕು ತಿಂಗಳಾದ ಮೇಲೆ. ಕೇಳಿದರೆ ಸೇವಾಭಾವ ಇಲ್ಲ ಅಂದುಕೊಳ್ಳುತ್ತಾರೆ ಅಂತ ಬಾಯಿ ಬಿಡಲಿಲ್ಲ. ಮನೆಯಲ್ಲಿ ಅನುಕೂಲ ಇದ್ದವರು ಉಳಿದರು, ಇಲ್ಲದವರು ಒಬ್ಬೊಬ್ಬರಾಗಿ ಹೋದರು. ಮೇಡಂ, ದುಡ್ಡು ಪ್ರತಿ ತಿಂಗಳು ಕೊಡಿ. ಬಸ್ ಖರ್ಚು ಬೇರೆ ಕೊಡಿ. ಬ್ಯಾಂಕಿನ ಕಾಗದಪತ್ರ ಆಯ್ಕೆಯ ವಾರದಲ್ಲೇ ಮುಗಿಸಿ. ಕೊನೆಯ ರಿಪೋರ್ಟ್ ಕೊಟ್ಟರೆ ಮಾತ್ರ ಹಣ ಅನ್ನಬೇಡಿ.

ಸಂದರ್ಶನದಲ್ಲಿ ಚೆನ್ನಾಗಿ ಮಾತಾಡುವವರು ಗೆಲ್ಲುತ್ತಾರೆ. ಅವರಲ್ಲಿ ಅರ್ಧ ಜನ ಇನ್ನೂ ನಾಲ್ಕು ಸಂಘಗಳಲ್ಲಿ ಇರುತ್ತಾರೆ! ಟೈಮ್‌ಟೇಬಲ್ ತಂದು ಆ 10 ಗಂಟೆ ಎಲ್ಲಿದೆ ಅಂತ ಗುರುತು ಹಾಕಿ ತೋರಿಸಲು ಹೇಳಿ.

ನಮ್ಮ ತಿಂಗಳ ಮೀಟಿಂಗಿನಲ್ಲಿ ಏನು ಕಲಿತಿರಿ ಅಂತ ಒಂದು ಫಾರ್ಮ್ ಇರುತ್ತಿತ್ತು. ಎಲ್ಲರೂ ನಾಯಕತ್ವ ಅಂತ ಬರೆಯುತ್ತಿದ್ದೆವು. ಆಮೇಲೆ ಬಂದ ಕೋಆರ್ಡಿನೇಟರ್ ಫಾರ್ಮ್ ತೆಗೆದುಹಾಕಿ ಆರಾರು ಜನರನ್ನು ಕೂರಿಸಿದರು. ಈ ತಿಂಗಳು ನಿಮಗೆ ಮುಜುಗರ ಆಗಿದ್ದು ಯಾವಾಗ ಅಂತ ಕೇಳಿದರು. ನಾನು ಒಬ್ಬ ಅಜ್ಜಿಗೆ ಪಿಂಚಣಿ ಅರ್ಜಿ ತುಂಬಿಕೊಟ್ಟು, ಅದೇ ಅರ್ಜಿಯನ್ನು ಅವರ ಮಗಳು ಹಿಂದಿನ ವಾರವೇ ಕೊಟ್ಟಿದ್ದಳು ಅಂತ ಆಮೇಲೆ ತಿಳಿದ ಕಥೆ ಹೇಳಿದೆ. ನಾನು ಕೇಳಿಯೇ ಇರಲಿಲ್ಲ. ಆವತ್ತು ಮೀಟಿಂಗ್ ಎರಡು ಗಂಟೆ ನಡೆಯಿತು.

ಸಮಾಜಕಾರ್ಯ ಪಾಠ ಮಾಡುವವರು:

ಅಜ್ಜಿಯ ಕಥೆಯನ್ನು ತರಬೇತಿಯ ಮೊದಲ ದಿನಕ್ಕೆ ಇಟ್ಟುಕೊಳ್ಳಬಹುದು ಮೇಡಂ. ನಾನು ಆ ದಿನ ಪಾದ್ರಿಯೂ ಚಿಂತಕರೂ ಆಗಿದ್ದ ಇವಾನ್ ಇಲಿಚ್ ವಿಷಯ ಹೇಳುತ್ತೇನೆ. 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ, ಸೇವೆಗೆ ಹೊರಟ ಅಮೆರಿಕದ ವಿದ್ಯಾರ್ಥಿಗಳ ಎದುರಿಗೇ ನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಅನ್ನುವ ಅರ್ಥದ ಭಾಷಣ ಮಾಡಿದರು. ಹುಡುಗರಿಗೆ ಸಿಟ್ಟು ಬರುತ್ತದೆ. ಬರಲಿ, ವಾದ ಮಾಡಲಿ.

ಸಂಸ್ಥೆಯವರ ಮಾತು ಓದುವಾಗ ನನಗೆ ರಾಬರ್ಟ್ ಸಿಗ್ಮನ್ ನೆನಪಾದರು. ಸೇವೆಯ ಮೂಲಕ ಕಲಿಕೆಗೆ ಅವರು 1979ರಲ್ಲಿ ಮೂರು ಸೂತ್ರ ಬರೆದರು. ಸೇವೆಯ ಹಿಡಿತ ಅದನ್ನು ಪಡೆಯುವವರ ಕೈಯಲ್ಲಿರಬೇಕು ಅನ್ನುವುದು ಮೊದಲನೆಯದು. ತಮ್ಮ ಕೆಲಸ ತಾವು ನೋಡಿಕೊಳ್ಳುವ ಬಲ ಅವರಿಗೆ ಅದರಿಂದ ಹೆಚ್ಚಬೇಕು. ಮಾಡುವವರೂ ಕಲಿಯುವವರೇ, ಏನು ಕಲಿಯಬೇಕು ಅನ್ನುವುದರಲ್ಲಿ ಅವರ ಮಾತೂ ನಡೆಯಬೇಕು. ಮೊದಲನೆಯದನ್ನು ನಿಜವಾಗಿ ಒಪ್ಪಿದರೆ ಸಂಸ್ಥೆಯವರನ್ನು ಸಂದರ್ಶನದಲ್ಲೇ ಕೂರಿಸಬೇಕಾಗುತ್ತದೆ. ನಾವು ಕೂರಿಸುತ್ತೇವೆ. ನಮ್ಮ ಆಯ್ಕೆಗಿಂತ ಅವರ ಆಯ್ಕೆ ಎಷ್ಟೋ ಸಲ ಬೇರೆಯೇ ಇರುತ್ತದೆ.

ಆದರೆ ಬುಧವಾರದ ಪ್ರಶ್ನೆಯ ಬಗ್ಗೆ ನನಗೊಂದು ತಕರಾರಿದೆ. ಇಬ್ಬರೇ ನಡೆಸುವ ಸಣ್ಣ ಸಂಸ್ಥೆಗೆ ಅದಕ್ಕೆ ಉತ್ತರ ಯಾವತ್ತೂ ಇರುವುದಿಲ್ಲ. ಸಹಾಯ ಬೇಕಾಗಿರುವುದು ಅವರಿಗೇ. ಅವರನ್ನೇ ಬಿಟ್ಟರೆ ಹೇಗೆ?

ಆರು ವರ್ಷ ಕೋಆರ್ಡಿನೇಟರ್ ಆಗಿದ್ದವರು:

ಒಪ್ಪಿದೆ. ಅಂಥ ಕಡೆ ಹೊಸಬರನ್ನು ಕಳಿಸಿದರೆ ಕೈಸುಟ್ಟುಕೊಳ್ಳುತ್ತೀರಿ. ಎರಡನೇ ವರ್ಷದ ಫೆಲೋ ಒಬ್ಬರನ್ನು ಕಳಿಸಿ. ಕೆಲಸ ಹೇಳುವವರಿಲ್ಲದಿದ್ದರೂ ಹುಡುಕಿಕೊಳ್ಳುವಷ್ಟು ಅವರು ಪಳಗಿರುತ್ತಾರೆ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. 7 ಜನರಲ್ಲಿ 5 ಜನ ಫೋನಿಗೆ ಸಿಕ್ಕರು. ಇಬ್ಬರು ಕೆಲಸ ಇರಲಿಲ್ಲ ಅಂದರು, ಇಬ್ಬರು ದುಡ್ಡಿನ ವಿಷಯ. ಐದನೆಯವಳು ಬಿಟ್ಟೇ ಇಲ್ಲವಂತೆ! ಈಗಲೂ ಪ್ರತಿ ಶನಿವಾರ ಹೋಗುತ್ತಿದ್ದಾಳೆ. ಪುಸ್ತಕ ತುಂಬುವುದನ್ನು ಮಾತ್ರ ಬಿಟ್ಟಿದ್ದಾಳೆ. ಈ ವರ್ಷ ಅವಳನ್ನೇ ಒಂದು ಸಣ್ಣ ಸಂಸ್ಥೆಗೆ ಕೇಳೋಣ ಅಂದುಕೊಂಡಿದ್ದೇನೆ. ಸೋಮವಾರದಿಂದ ಸಂಸ್ಥೆಗಳಿಗೆ ಹೋಗುತ್ತೇನೆ. ಪರೀಕ್ಷೆಯ ದಿನಾಂಕ ಮಾತ್ರ ಇನ್ನೂ ಬಂದಿಲ್ಲ. ಏನಂತ ಹೇಳಲಿ?

ಸಂಸ್ಥೆಯ ಕಡೆಯವರು:

ಕಳೆದ ವರ್ಷದ ದಿನಾಂಕವನ್ನೇ ಪೆನ್ಸಿಲಿನಲ್ಲಿ ಬರೆದುಕೊಂಡು ಬನ್ನಿ. ಒಂದು ವಾರ ಆಚೆ ಈಚೆ ಆದರೆ ನಾವು ನೋಡಿಕೊಳ್ಳುತ್ತೇವೆ.