ಲಾಡ್ಜ್ ಮಾಸ್ಟರ್ ಆಗಿದ್ದ ದೊಡ್ಡಪ್ಪನ ಬಗ್ಗೆ ಸಂಘದ ಸಂಚಿಕೆಗೆ ಎಂತ ಬರೆಯುವುದು?

ಘಾಟ್ಕೋಪರ್ ಮಾಣಿ:
ನಮಸ್ಕಾರ ಎಲ್ರಿಗೂ. ನಮ್ಮ ದೊಡ್ಡಪ್ಪ ಹೋದ ತಿಂಗಳು ತೀರಿಹೋದ್ರು. ಕುಂದಾಪುರ ಕಡೆಯಿಂದ ಸಣ್ಣವರಿರುವಾಗಲೇ ಬೊಂಬಾಯಿಗೆ ಬಂದು ಫೋರ್ಟಿನ ಹೋಟೆಲಲ್ಲಿ ಕೆಲಸ ಮಾಡ್ತಾ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ ಬ್ಯಾಂಕ್ ಸೇರಿದವರು. ಸಂಘದವರು ಸ್ಮರಣ ಸಂಚಿಕೆಗೆ ಒಂದು ಪುಟ ಬರ್ದು ಕೊಡು ಅಂತಿದ್ದಾರೆ. ಹೋಟ್ಲು ಬ್ಯಾಂಕು ಸಂಘದ ಕತೆ ಎಲ್ಲ ನಂಗೆ ಗೊತ್ತುಂಟು, ಆದ್ರೆ ಅವ್ರು ಫ್ರೀಮೇಸನ್, ಅಂದ್ರೆ ಗುಟ್ಟಿನ ವಿಧಿಗಳಿರುವ ಒಂದು ಸಹೋದರ ಸಂಘದ ಸದಸ್ಯ ಆಗಿದ್ರು, ಅದ್ರ ಒಂದು ಲಾಡ್ಜಿಗೆ (ಶಾಖೆಗೆ) ಮಾಸ್ಟರ್, ಅಂದ್ರೆ ಮುಖ್ಯಸ್ಥ ಕೂಡ ಆಗಿದ್ರಂತೆ, ಅದ್ರ ಬಗ್ಗೆ ಮನೆಯಲ್ಲಿ ಒಂದು ಮಾತೂ ಆಡಿದವರಲ್ಲ. ಈಗ ಕಪಾಟಲ್ಲಿ ನೀಲಿ ಅಂಚಿನ ಬಿಳಿ ಏಪ್ರನ್ನು, ಕೊರಳಿಗೆ ಹಾಕುವ ನೀಲಿ ಪಟ್ಟಿ, ಮತ್ತೆ ಒಂದು ಪದಕ ಸಿಕ್ಕಿದೆ, ಪದಕದಲ್ಲಿ ಮೂಲೆಮಟ್ಟ ಉಂಟು, ಅದ್ರ ಕೆಳಗೆ ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯಕ್ಕೆ ಬಿಡಿಸ್ತಿದ್ದ ಚಿತ್ರ ನೇತಾಡ್ತಾ ಉಂಟು!! ಅತ್ತೆ ಹೇಳ್ತಾರೆ ಅದು ಮಾಟಮಂತ್ರದ ಸಂಗತಿ, ಸಂಚಿಕೆಯಲ್ಲಿ ಬೇಡವೇ ಬೇಡ ಅಂತ. ಬಿಟ್ಟುಬಿಡುವುದಾ? ಬರೆದ್ರೆ ಎಂತ ಬರೆಯುವುದು?

ದಾದರ್ ರಾಯರು:
ಮಾಟವೂ ಇಲ್ಲ ಮಂತ್ರವೂ ಇಲ್ಲ ಮಾರಾಯ, ನಾನೇ ಅದ್ರಲ್ಲಿ ಇದ್ದೇನೆ. ನಿನ್ನ ಅತ್ತೆಯನ್ನು ದೂರಿ ಫಲವಿಲ್ಲ, ನಮ್ಮ ದೇಶದಲ್ಲಿ ಎಷ್ಟೋ ಊರಲ್ಲಿ ಮೇಸನ್ ಹಾಲಿಗೆ ಜಾದೂ ಘರ್ ಅಂತಲೇ ಹೆಸರು, ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೂತ್ರೆ ಜನ ಇನ್ನೆಂತ ಹೇಳ್ಬೇಕು. ದೇವರನ್ನು ನಂಬುವವನಿಗೆ ಮಾತ್ರ ಪ್ರವೇಶ, ಯಾವ ದೇವರು ಅಂತ ಯಾರೂ ಕೇಳೂದಿಲ್ಲ. ಗೀತೆ, ಬೈಬಲ್, ಕುರಾನ್, ಪಾರ್ಸಿಗಳ ಅವೆಸ್ತಾ ಎಲ್ಲ ಒಟ್ಟಿಗೆ ಇಡ್ತೇವೆ, ಅವರವರು ಅವರವರ ಗ್ರಂಥದ ಮೇಲೆ ಕೈಯಿಟ್ಟು ಪ್ರಮಾಣ ಮಾಡೂದು. ಲಾಡ್ಜಿನೊಳಗೆ ರಾಜಕೀಯ, ಧರ್ಮದ ಜಗಳ ಎತ್ತುವ ಹಾಗಿಲ್ಲ.

ಆ ಪದಕ ಪಾಸ್ಟ್ ಮಾಸ್ಟರ್‌ದು, ಅಂದ್ರೆ ಕುರ್ಚಿಯಲ್ಲಿ ಕೂತು ಇಳಿದವರದ್ದು. ಕುರ್ಚಿ ಸಾಧಾರಣ ಒಂದು ವರ್ಷದ್ದು, ಅಲ್ಲಿಗೆ ಹೋಗ್ಲಿಕ್ಕೆ ಮಾತ್ರ ವರ್ಷಗಟ್ಟಲೆ ಬೇಕು, ಊಟ ಬಡಿಸುವ ಸ್ಟುವರ್ಡ್ ಕೆಲಸ, ಬಾಗಿಲು ಕಾಯುವ ಇನ್ನರ್ ಗಾರ್ಡ್, ಆಮೇಲೆ ಡೀಕನ್, ಆಮೇಲೆ ಜೂನಿಯರ್ ವಾರ್ಡನ್, ಸೀನಿಯರ್ ವಾರ್ಡನ್. ವಿಧಿಯ ಮಾತೆಲ್ಲ ಬಾಯಿಪಾಠ ಬರ್ಬೇಕು. ನಮ್ಮ ಯಕ್ಷಗಾನ ಮೇಳದಲ್ಲಿ ಕೋಡಂಗಿ ವೇಷದಿಂದ ಶುರುಮಾಡಿ ಎರಡನೇ ವೇಷಕ್ಕೆ, ಅಂದ್ರೆ ಮುಖ್ಯ ಪಾತ್ರಕ್ಕೆ ಬಂದ ಹಾಗೆ.

ಆದ್ರೆ ನನ್ನನ್ನು ಕೇಳಿದ್ರೆ ಮಾಸ್ಟರ್ ಆದ ವರ್ಷದ ಬಗ್ಗೆ ಒಂದು ಸಾಲು ಸಾಕು. ಇಳಿದ ಮೇಲೆ ಅವ್ರು ಎಂತ ಮಾಡಿದ್ರು ನೋಡು. ಸೆಕ್ರೆಟರಿಯಾಗಿ ಕಾಗದಪತ್ರ ನೋಡಿಕೊಂಡ್ರಾ, ಟ್ರೆಷರರ್ ಆಗಿದ್ರಾ, ಆಲ್ಮನರ್ ಆಗಿದ್ರಾ? ಕಾಯಿಲೆ ಬಿದ್ದ ಸದಸ್ಯರನ್ನು, ತೀರಿಹೋದವರ ಹೆಂಡತಿ ಮಕ್ಕಳನ್ನು ಹೋಗಿ ಮಾತಾಡಿಸೂದು, ಏನಾದ್ರೂ ಬೇಕಾ ಅಂತ ವಿಚಾರಿಸಿ ಲಾಡ್ಜಿಗೆ ತಿಳಿಸೂದು ಆಲ್ಮನರ್ ಕೆಲಸ. ಅದಕ್ಕೆ ಚಪ್ಪಾಳೆ ಇಲ್ಲ ಫೋಟೋ ಇಲ್ಲ. ಪ್ರತಿ ಮೀಟಿಂಗಿಗೂ ಮಿನಿಟ್ಸ್ ಬರೆದಿಡ್ತಾರೆ, ಅವರ ಲಾಡ್ಜಿನ ಸೆಕ್ರೆಟರಿಗೆ ಫೋನ್ ಹಾಕು.

ಸೀದಾ ಮಾತು:
ಕ್ಷಮಿಸಿ, ಆದ್ರೆ ಇದು ಬ್ರಿಟಿಷ್ ಸಾಹೇಬರ ಕ್ಲಬ್ ಅಲ್ವಾ? ದುಡ್ಡಿದ್ದವರು, ಆಫೀಸರ್‌ಗಳು ಸೇರ್ಕೊಂಡು ಪರಿಚಯ ಬೆಳೆಸ್ಕೊಳ್ಳೋ ಜಾಗ. ಸೇವೆ ಮಾಡ್ಬೇಕು ಅಂದ್ರೆ ಏಪ್ರನ್ ಯಾಕ್ರೀ ಬೇಕು, ರಾತ್ರಿ ಶಾಲೆಗೆ ದುಡ್ಡು ಕೊಟ್ರೆ ಆಗಲ್ವಾ?

ಪುಣೆ ಅಕ್ಕ:
@ಸೀದಾ ಮಾತು, ನೀವು ಹೇಳೋದು ಅರ್ಧ ಖರೇ ಅದ ನೋಡ್ರಿ. ಮೊದಲ ಮುಂಬಯಿ ಲಾಡ್ಜಿನಾಗ ನಮ್ಮವರನ್ನ ಸೇರಿಸ್ಕೋತಿದ್ದಿಲ್ಲ. ಮಾಣೆಕ್‌ಜಿ ಕರ್ಸೆಟ್‌ಜಿ ಅನ್ನೋ ಪಾರ್ಸಿ ಗೃಹಸ್ಥರು ಇಲ್ಲೆ ಬ್ಯಾಡ ಅನಿಸ್ಕೊಂಡು ಪ್ಯಾರಿಸ್‌ಗೆ ಹೋಗಿ ಮೇಸನ್ ಆಗಿ ಬಂದ್ರು, ಹಟ ಅಂದ್ರ ಅದು. ಆಮ್ಯಾಲೆ 1843ರಾಗ ಜೇಮ್ಸ್ ಬರ್ನ್ಸ್ ಅನ್ನೋ ಡಾಕ್ಟರು ಭಾರತೀಯರನ್ನ ಸೇರಿಸ್ಕೊಳ್ಳಾಕಂತನ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಲಾಡ್ಜ್ ಕಟ್ಟಿದ್ರು. ನಮ್ಮದೇ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಆಗಿದ್ದು 1961ರಾಗ, ಅಲ್ಲೀತನ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡಿನವರ ಕೈಯಾಗ ಇತ್ತು.

ಮಾಣಿ ತಮ್ಮಾ, ನಿಂಗ ಒಂದು ಮಾದರಿ ಬೇಕಿದ್ರ ಕೆ. ಆರ್. ಕಾಮಾ ಅವರ ಜೀವನ ನೋಡು. ಹುಟ್ಟಿದ್ದು 1831, ಯುರೋಪಿಗೆ ಹೋಗಿ ಅವೆಸ್ತಾ ಭಾಷಾಶಾಸ್ತ್ರ ಕಲ್ತು ಬಂದು ಮುಂಬಯಿಯ ಪಾರ್ಸಿ ಹುಡುಗರಿಗೆ ಕಲಿಸಿದ್ರು. ಮೇಸನ್ ಆಗಿ ಐವತ್ತು ವರ್ಷ ತುಂಬಿದ್ದು 1904ರಾಗ, ಆ ನೆಪಕ್ಕ ಬ್ಯಾರೆ ಬ್ಯಾರೆ ಮೇಸನ್ನರು ಲೇಖನ ಬರೆದು ಒಂದು ಜ್ಯುಬಿಲಿ ಸಂಪುಟನ ತಂದ್ರು, 1907ರಾಗ. ಸ್ಟುಟ್‌ಗಾರ್ಟ್‌ನಾಗ ನಮ್ಮ ಬಾವುಟ ಹಾರಿಸಿದ ಮೇಡಂ ಕಾಮಾ ಇವರ ಸೊಸಿ, ಅದೂ 1907ನ! ಮಾವ ಲಾಡ್ಜಿನ ಹಿರಿಯ, ಸೊಸಿ ಕ್ರಾಂತಿಕಾರಿ. (ಕಾಮಾ ಆಸ್ಪತ್ರಿ ಇವರದಲ್ಲ ಮತ್ತ, ಅದು ಪೆಸ್ತನ್‌ಜಿ ಕಾಮಾ ಅವರದು.) 1909ರಾಗ ಇವರು ತೀರಿಕೊಂಡ್ರು, ಫೋರ್ಟಿನ ಓರಿಯೆಂಟಲ್ ಇನ್‌ಸ್ಟಿಟ್ಯೂಟ್ ಇವರ ಹೆಸರಿಂದ 1916ರಾಗ ಶುರು ಆತು. ಹಂಗ ನೋಡಿದ್ರ ಲಾಡ್ಜು, ಓದು, ಸಮಾಜ ಅವರಿಗೆ ಬ್ಯಾರೆ ಬ್ಯಾರೆ ಆಗಿರಲೇ ಇಲ್ಲ, ನಿಮ್ಮ ದೊಡ್ಡಪ್ಪನ ಬಗ್ಗೆ ಬರಿಯೋವಾಗ ರಾತ್ರಿ ಶಾಲಿ ಒಂದು ಕಡೆ ಲಾಡ್ಜ್ ಒಂದು ಕಡೆ ಅಂತ ಇಡಬ್ಯಾಡ.

ಘಾಟ್ಕೋಪರ್ ಮಾಣಿ:
ರಾಯರೆ, ಅಕ್ಕ, ಇಬ್ರಿಗೂ ಥ್ಯಾಂಕ್ಸ್. ಸೆಕ್ರೆಟರಿಯವರ ಹತ್ರ ಮಾತಾಡಿದೆ, ಸುಮಾರು ವರ್ಷ ಆಲ್ಮನರ್ ಆಗಿದ್ದದ್ದು ಇವ್ರೇ ಅಂತೆ. ಭಾನುವಾರ ಎಲ್ಲಿಗೆ ಹೋಗ್ತೀರಿ ಅಂದ್ರೆ ಯಾವಾಗ್ಲೂ "ಇಲ್ಲೇ ಪರೇಲಿಗೆ" ಅನ್ನುವವರು, ಈಗ ತಿಳೀತು ಆಸ್ಪತ್ರೆಯಲ್ಲಿದ್ದವರನ್ನು ನೋಡ್ಲಿಕ್ಕೆ ಅಂತ. ಯಾರ್ಯಾರ ಮನೆಗೆ ಸಹಾಯ ಹೋಗಿತ್ತು ಅಂತ ಅವ್ರು ಹೇಳ್ಲಿಲ್ಲ, ನಾನೂ ಕೇಳ್ಲಿಲ್ಲ. ಆ ಭಾನುವಾರದ ವಿಷಯದಿಂದಲೇ ಶುರು ಮಾಡ್ತೇನೆ. ಏಪ್ರನ್ ಹಾಕಿದ ಫೋಟೋ ಪ್ರಿಂಟ್ ಮಾಡಬಹುದಾ?

ದಾದರ್ ರಾಯರು:
ಧಾರಾಳ ಮಾಡು. ಕೈಸನ್ನೆ ಗುರುತಿನ ಸಂಗತಿ ಮಾತ್ರ ಬರೀಬೇಡ, ಅದು ನಿಂಗೆ ಗೊತ್ತೂ ಇಲ್ಲ ಬಿಡು. ಪದಕ ಅವರಿಗೇ ಕೊಟ್ಟದ್ದಿರ್ತದೆ, ಮನೆಯಲ್ಲೇ ಇಟ್ಕೊ. ಕೊರಳಿನ ಪಟ್ಟಿ ಲಾಡ್ಜಿಂದಾದ್ರೆ ವಾಪಸ್ ಕೊಡ್ಬೇಕು, ಸೆಕ್ರೆಟರಿಯನ್ನೇ ಕೇಳಿಬಿಡು.