ಬೆಂಗಳೂರಿಂದ ಜೈಸಲ್ಮೇರ್‌ಗೆ ಕಾರಲ್ಲಿ: ಎರೆಭೂತ ನೋಡೋಕೆ

ಬಸವನಗುಡಿಯವಳು:
ಡಿಸೆಂಬರ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಜೈಸಲ್ಮೇರ್‌ಗೆ ಹೊರಟಿದ್ದೇನೆ. ಅವರಿಗೆ 68. ಹುಡುಗನಾಗಿದ್ದಾಗ ಸಿರುಗುಪ್ಪದ ಎರೆಹೊಲದಲ್ಲಿ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಕಂಡಿದ್ದರಂತೆ. ಇನ್ನೊಮ್ಮೆ ನೋಡಬೇಕು ಅಂತಾರೆ. 12 ದಿನ ರಜೆ ಇದೆ. ಗಾಡಿ ಓಡಿಸುವವಳು ನಾನೊಬ್ಬಳೇ. ಎಲ್ಲೆಲ್ಲಿ ನಿಲ್ಲಲಿ?

ವಿಜಯನಗರ ಡ್ರೈವರ್:
ಒಂದು ಕಡೆಗೇ 2,000 ಕಿಲೋಮೀಟರ್‌ಗೂ ಜಾಸ್ತಿ ಆಗುತ್ತೆ ಮೇಡಂ. ಒಬ್ಬರೇ ಓಡಿಸುವಾಗ ದಿನಕ್ಕೆ 500 ದಾಟಬೇಡಿ. ಬೆಳಗಿನ ಜಾವ ಹೊರಟು ಮೊದಲ ರಾತ್ರಿ ಬೆಳಗಾವಿಯಲ್ಲಿ ಉಳಿಯಿರಿ. 12 ದಿನ ಸಾಲದು, 15 ಮಾಡಿಕೊಳ್ಳಿ.

ಮಲ್ಲೇಶ್ವರದ ಹಕ್ಕಿಪ್ರೇಮಿ:
ಎರಡು ವರ್ಷದ ಹಿಂದೆ ನಾನೂ ಇದೇ ದಾರಿಯಲ್ಲಿ ಹೋಗಿದ್ದೆ. ಗುಜರಾತಿನಲ್ಲಿ ಭಾವನಗರದ ಹತ್ತಿರ ವೇಳಾವದರ್ ರಾಷ್ಟ್ರೀಯ ಉದ್ಯಾನ ಇದೆ, ಬಿಡಬೇಡಿ. ಬರೀ 34 ಚದರ ಕಿಲೋಮೀಟರ್ ಹುಲ್ಲುಗಾವಲು, ತುಂಬಾ ಕೃಷ್ಣಮೃಗ. ಚಳಿಗಾಲದಲ್ಲಿ ಸಂಜೆ ಆಗ್ತಿದ್ದಂಗೆ ಹ್ಯಾರಿಯರ್‌ಗಳು ಗುಂಪು ಗುಂಪಾಗಿ ಬಂದು ಹುಲ್ಲಿನಲ್ಲಿ ಇಳಿಯುತ್ತವೆ. ಮಧ್ಯ ಏಷ್ಯಾದ ಕಡೆಯಿಂದ ಬರುವ ಹದ್ದಿನ ಜಾತಿ ಹಕ್ಕಿ. ನಿಮ್ಮಪ್ಪ ಅಲ್ಲಿಂದ ಏಳೋದಿಲ್ಲ ನೋಡಿ.

ಜೈಸಲ್ಮೇರ್‌ನಲ್ಲಿ ಎಲ್ಲರೂ ಸಮ್ ಮರಳುದಿಬ್ಬಕ್ಕೆ ಓಡುತ್ತಾರೆ. ನೀವು ಬೆಳಿಗ್ಗೆ ಡೆಸರ್ಟ್ ನ್ಯಾಷನಲ್ ಪಾರ್ಕಿನ ಸುದಾಸರಿಗೆ ಹೋಗಿ. ಪಾರ್ಕು 3,162 ಚದರ ಕಿಲೋಮೀಟರ್. ಮರಳುದಿಬ್ಬ ಇರೋದು ಸುಮಾರು ಐದರಲ್ಲೊಂದು ಪಾಲು, ಮಿಕ್ಕಿದ್ದು ಕಲ್ಲುನೆಲ, ಹುಲ್ಲು, ಕುರುಚಲು. ಎರಡು ಗಂಟೆ ಸುಮ್ನೆ ಕೂತ ಮೇಲೆ ದೂರದಲ್ಲಿ ಒಂದು ಎರೆಭೂತ ಕಂಡಿತು. ಮೀಟರ್ ಎತ್ತರದ ಹಕ್ಕಿ, ಕತ್ತೆತ್ತಿ ನಿಧಾನಕ್ಕೆ ನಡೆದು ಹೋಯಿತು. ನನ್ನ ಕಣ್ಣು ತುಂಬಿತು. ಜೀಪ್ ಹತ್ತಿರ ಬಿಡಿ ಅಂತ ಮಾತ್ರ ಗೈಡ್‌ಗೆ ಹೇಳಬೇಡಿ. ಅದಕ್ಕೆ ನೇರ ಮುಂದಿರೋದು ಸರಿಯಾಗಿ ಕಾಣುವುದಿಲ್ಲ. ಬೆದರಿ ಹಾರಿದರೆ ಕರೆಂಟ್ ತಂತಿಗೆ ಬಡಿದು ಸಾಯಬಹುದು. ಹಾಗೇ ಎಷ್ಟೋ ಸತ್ತಿವೆ.

ಇನ್ನೊಂದು ಮಾತು. ಅಲ್ಲಿ ಒಂಟಿ ಮರವೊಂದನ್ನು ಗೈಡ್ ಖೇಜ್ರಿ ಅಂದ. ಹತ್ತಿರ ಹೋದರೆ ನಮ್ಮ ಬನ್ನಿ! ದಸರೆಗೆ ಎಲೆ ಹಂಚಿ ಬಂಗಾರ ಅಂತೀವಲ್ಲ, ಅದೇ ಮರ. ಅಪ್ಪನಿಗೆ ತೋರಿಸಿ.

ಜಯನಗರ ನಾಲ್ಕನೇ ಬ್ಲಾಕ್:
ಆಕಲ್ ಕಲ್ಲುಮರದ ಪಾರ್ಕೂ ನೋಡಿ. ಜೈಸಲ್ಮೇರ್‌ನಿಂದ 17 ಕಿಲೋಮೀಟರ್. ಸುಮಾರು 18 ಕೋಟಿ ವರ್ಷದ ಹಿಂದಿನ ಮರದ ದಿಮ್ಮಿಗಳು ಕಲ್ಲಾಗಿ ಬಿದ್ದಿವೆ. ರಾತ್ರಿ ಚಳಿ ಜೋರು, ಅಪ್ಪನಿಗೆ ಮಂಕಿ ಕ್ಯಾಪ್ ಮರೀಬೇಡಿ.

ಬಸವನಗುಡಿಯವಳು:
ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಬನ್ನಿ ಮರದ ಮಾತಿಗೆ ಎದ್ದು ಕೂತರು. ಇನ್ನೂ ಮೂರು ದಿನ ರಜೆ ಕೇಳಿದ್ದೇನೆ. ವಯಸ್ಸಾದವರ ಕೈಗೆ ಭಾರ ಆಗದ ಬೈನಾಕ್ಯುಲರ್ ಯಾವುದು ಅಂತ ಹೇಳ್ತೀರಾ?