ಬಚ್ಚಲು ನೆಕ್ಕುವ ಭೂತ, ಅಳುವ ಪ್ರಾಣಿಗೆ ಬಣ್ಣದ ವೇಷ

ಶಿರಸಿಯ ಮಳೆ ಗೊತ್ತಲ್ಲ, ಒಮ್ಮೆ ಹಿಡಿದರೆ ಕರೆಂಟು ಹೋಗುತ್ತದೆ, ಮನೆಗೆ ಬಂದವರು ಹೋಗುವುದಿಲ್ಲ. ಮೊನ್ನೆ ನಾನು, ಹೆಗಡೆ, ಕಾರವಾರದಿಂದ ಬಂದ ನಾಯ್ಕ ಮೂವರೂ ನಮ್ಮ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿದ್ದೆವು. ಕತ್ತಲೆ ಅಂದ ಮೇಲೆ ಭೂತ ಬರಲೇಬೇಕಲ್ವಾ? ನಾಯ್ಕ ಅವನ ಅಜ್ಜಿ ಹೇಳುತ್ತಿದ್ದ ಕೊಳ್ಳಿದೆವ್ವದ ಕಥೆ ತೆಗೆದ.

"ಅದು ಮಾಡೋದಾದ್ರೂ ಎಂತದು ಮಾರಾಯ? ರಾತ್ರಿ ಗದ್ದೆಯಲ್ಲಿ ಬೆಂಕಿ ಹಿಡಿದು ಓಡಾಡ್ತದೆ. ಇವತ್ತು ಬಂದಿದ್ರೆ ಉಪಕಾರವೇ ಆಗ್ತಿತ್ತು" ಅಂದ ಹೆಗಡೆ.

ಅದಕ್ಕೆ ಬೆಂಕಿಯಾದರೂ ಇದೆ, ಜಪಾನಿನ ಅಕಾನಾಮೆಯ ಪಾಡು ಕೇಳು ಅಂದೆ. ಎಲ್ಲರೂ ಮಲಗಿದ ಮೇಲೆ ಬರುತ್ತದೆ. ರಕ್ತ ಬೇಡ, ಪ್ರಾಣ ಬೇಡ. ಸೀದಾ ಬಚ್ಚಲಿಗೆ ಹೋಗಿ ಉದ್ದ ನಾಲಿಗೆ ಚಾಚಿ ಅಲ್ಲಿಯ ಕೊಳೆ ನೆಕ್ಕಿ ಹೋಗುತ್ತದೆ. 1776ರಲ್ಲೇ ತೊರಿಯಾಮಾ ಸೆಕಿಯೆನ್ ಎಂಬ ಚಿತ್ರಕಾರ ಇದರ ಚಿತ್ರ ಬಿಡಿಸಿದ್ದ. ರಾತ್ರಿ ತಲೆದಿಂಬು ತಿರುಗಿಸಿ ಹಾಕುವ ಇನ್ನೊಂದು ಭೂತವನ್ನೂ ಬಿಡಿಸಿದ್ದ. (ಈ ಕೆಲಸವನ್ನು ನಮ್ಮನೆಯಲ್ಲಿ ಮಕ್ಕಳೇ ಮಾಡುತ್ತಾರೆ.)

"ಅದು ಭೂತ ಅಲ್ವೋ, ಆಳು!" ಹೆಗಡೆ ಎದ್ದೇ ಕೂತ. "ಅಡಿಕೆ ಕೊಯ್ಲಿಗೇ ಜನ ಸಿಗ್ತಾ ಇಲ್ಲ, ಬಚ್ಚಲು ತಿಕ್ಕೋದಕ್ಕೆ ಯಾರು ಬರ್ತಾರೆ? ಮಳೆಗಾಲ ಮುಗಿಯೋ ತನಕ ನಮ್ಮನೆಯಲ್ಲೇ ಇರ್ಲಿ. ಪಾಚಿ ಬೇಕಾದಷ್ಟಿದೆ."

ನನಗೆ ನಿಜಕ್ಕೂ ಪಾಪ ಅನಿಸುವುದು ಸ್ಕ್ವಾಂಕ್ ಎಂಬ ಕಟ್ಟುಕಥೆಯ ಪ್ರಾಣಿ. ಅಮೆರಿಕದ ಪೆನ್ಸಿಲ್ವೇನಿಯಾ ಕಾಡಿನದು, ಮರ ಕಡಿಯುವವರು ಹೇಳಿಕೊಂಡು ಬಂದ ಕಥೆ, 1910ರಲ್ಲಿ ಅಚ್ಚಾಯಿತು. ಮೈತುಂಬ ನರುಲಿ, ಚರ್ಮವೋ ಅಳತೆ ತಪ್ಪಿ ಹೊಲಿದ ಅಂಗಿಯ ಹಾಗೆ. ತನ್ನ ರೂಪ ನೆನೆದು ಸದಾ ಅಳುತ್ತಿರುತ್ತದೆ, ಬೇಟೆಗಾರರು ಕಣ್ಣೀರಿನ ಜಾಡು ಹಿಡಿದೇ ಹುಡುಕುತ್ತಾರೆ. ಒಬ್ಬ ಹೇಗೋ ಹಿಡಿದು ಚೀಲಕ್ಕೆ ಹಾಕಿ ಹೊತ್ತು ತರುತ್ತಿದ್ದನಂತೆ, ದಾರಿಯಲ್ಲಿ ಚೀಲ ಇದ್ದಕ್ಕಿದ್ದಂತೆ ಹಗುರಾಯಿತು, ಬಿಚ್ಚಿ ನೋಡಿದರೆ ಬರೀ ಕಣ್ಣೀರು ಮತ್ತು ಗುಳ್ಳೆ!

"ಶಿರಸಿಗೆ ಬಂದ್ರೆ ಬದುಕಿಕೊಳ್ತದೆ. ಕಣ್ಣೀರು ಯಾವುದು, ಮಾಡಿನ ನೀರು ಯಾವುದು, ಯಾರಿಗೆ ಗೊತ್ತಾಗ್ಬೇಕು?" ಅಂದ ಹೆಗಡೆ.

ನಾಯ್ಕನಿಗೆ ಯಕ್ಷಗಾನದ ಆಟದ ಹುಚ್ಚು. "ಇದಕ್ಕೊಂದು ರಾಕ್ಷಸನ ಬಣ್ಣದ ವೇಷ ಕಟ್ಟಿದ್ರೆ ಹೆಂಗೆ? ಚೆಂಡೆ ಬಡಿದು, ಬೊಬ್ಬೆ ಹೊಡೆದು, ತೆರೆ ಸರಿಸಿದ್ರೆ ಒಳಗೆ ಇದು ಅಳ್ತಾ ನಿಂತಿರ್ತದೆ. ಭಾಗವತರು ಪದ್ಯದ ಎರಡನೇ ಸಾಲಿಗೆ ಬರೋದ್ರೊಳಗೆ ವೇಷವೇ ಇಲ್ಲ. ಬಣ್ಣ ಹಚ್ಚೋ ಚೌಕಿಯಿಂದ ಯಾರಾದ್ರೂ ಒರೆಸೋ ಬಟ್ಟೆ ತರಬೇಕು."

ಮಳೆ ಸ್ವಲ್ಪ ಹೊಳವಾಯಿತು. ಇಬ್ಬರೂ ಹೆಗಡೆ ಮನೆಗೆ ಹೊರಟರು. ಹೋಗುವಾಗ ಸುಮ್ನೆ ಇರಲಾರದೆ ಬೆತೊಬೆತೊ ಸಾನ್ ವಿಷಯವನ್ನೂ ಹೇಳಿದೆ. ಅದೂ ಜಪಾನಿನದೇ, ರಾತ್ರಿ ಒಬ್ಬನೇ ನಡೆಯುವಾಗ ಹಿಂದೆ ಹೆಜ್ಜೆ ಸದ್ದು ಮಾಡುತ್ತಾ ಬರುತ್ತದೆ, ಕಾಣುವುದಿಲ್ಲ. ಪಕ್ಕಕ್ಕೆ ಸರಿದು "ನೀವು ಮುಂದೆ ಹೋಗಿ" ಅಂದರೆ ಸಾಕು, ಹೊರಟುಹೋಗುತ್ತದೆ. ಇಷ್ಟು ಮರ್ಯಾದಸ್ಥ ಭೂತ ನಮ್ಮ ಘಟ್ಟದಲ್ಲಿ ಎಲ್ಲಿದೆ?

ಐದು ನಿಮಿಷ ಆಗಿರಬಹುದು. ತೋಟದ ದಾರಿಯ ಕಡೆಯಿಂದ ಹೆಗಡೆಯ ನಡುಗುವ ದನಿ ಕೇಳಿತು: "ನೀವು... ನೀವು ಮುಂದೆ ಹೋಗಿ."

ಕತ್ತಲಿಂದ ಉತ್ತರ ಬಂತು: "ನಾನ್ಯಾಕೆ ಹೋಗ್ಲಿ? ಟಾರ್ಚು ನಿನ್ನ ಹತ್ರ ಉಂಟಲ್ಲ!"